ಥ್ರೆಡ್ ಕೆಡದ ಹಾಗೆ ಸ್ಕ್ರೂ ಬಿಚ್ಚುವ ಸಿದ್ದಲಿಂಗಪ್ಪನವರು

ಯಂತ್ರ ಕಟ್ಟುವವರಿಗೆ ಈ ನಾಡಿನಲ್ಲಿ ಹೆಸರುಂಟು, ಪ್ರಶಸ್ತಿಯುಂಟು, ಕಾಲವಾದ ಮೇಲೆ ಕಾರ್ಖಾನೆಯ ಹೆಬ್ಬಾಗಿಲಲ್ಲಿ ಮಾಲೆ ಹಾಕಿದ ಪಟವೂ ಉಂಟು. ಕಟ್ಟಿದ್ದನ್ನು ಕೆಡದಂತೆ ಬಿಚ್ಚಬಲ್ಲವರನ್ನು ಕೂರಿಸಿ ಶಾಲು ಹೊದಿಸಿದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಗುಜರಾತಿನ ಮೂರು ನಗರಗಳಲ್ಲಿ ತಮ್ಮ ವೃತ್ತಿಜೀವನವನ್ನೆಲ್ಲ ಕಳೆದು, ವಡೋದರಾದ ಗೋರ್ವಾ ಬಡಾವಣೆಯ ‘ಪಗಲಾಂ’ ಕೃತಕ ಅಂಗ ಕೇಂದ್ರದ ಕಾರ್ಯಾಗಾರದ ಮುಖ್ಯಸ್ಥರಾಗಿ ಬರುವ ತಿಂಗಳು ನಿವೃತ್ತರಾಗುತ್ತಿರುವ ಸನ್ಮಾನ್ಯ ಶ್ರೀ ಸಿದ್ದಲಿಂಗಪ್ಪನವರು ಅಂಥ ಅಪರೂಪದ ಬಿಚ್ಚುವವರು. ವಡೋದರಾದ ಕನ್ನಡ ಬಳಗವು ಅವರಿಗಾಗಿ ಈ ಸಂಪುಟವನ್ನು ತರುತ್ತಿರುವುದು ತಡವಾಗಿಯಾದರೂ ಸರಿಯಾದ ಕೆಲಸ. ತಡವಾಯಿತಲ್ಲ ಎಂದು ನಾವೆಲ್ಲ ಕೈ ಕೈ ಹಿಸುಕಿಕೊಳ್ಳುತ್ತಿದ್ದರೆ, ಸ್ವತಃ ಅವರು ಮಾತ್ರ ಇನ್ನೂ ಒಂದೆರಡು ವರ್ಷ ತಡೆಯಬಹುದಿತ್ತಲ್ಲ ಎಂದು ಬೇಸರಪಟ್ಟುಕೊಂಡಿದ್ದಾರೆ.

ಓದುಗರಲ್ಲಿ ಸ್ಪ್ಯಾನರ್ ಹಿಡಿಯದವರೇ ಹೆಚ್ಚಿರಬಹುದಾದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೂ ಹೋಗಿ ಕೂರುವ ರಂಧ್ರದ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿಗೆ ಥ್ರೆಡ್ ಎನ್ನುತ್ತೇವೆ. ಇಲ್ಲಿಯ ಕೆಲಸಗಾರರು ಅದನ್ನೇ ಆಂಟಾ ಎನ್ನುತ್ತಾರೆ. ಸ್ಕ್ರೂ ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಥ್ರೆಡ್ ಹಾಳಾದರೆ ಆ ರಂಧ್ರ ಇರುವ ಇಡೀ ವಸ್ತುವೇ ಹೋದಂತೆ. ಒಳಗೆ ಮುರಿದು ಕೂತ ಸ್ಕ್ರೂ ತೆಗೆಯುವಾಗ ಉಳಿಸಬೇಕಾದದ್ದು ಸ್ಕ್ರೂವನ್ನಲ್ಲ, ಅದು ಬಿಟ್ಟುಹೋಗುವ ಜಾಗವನ್ನು. ಸಿಟ್ಟಿನಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ. ನನಗಂತೂ ಇರುವುದಿಲ್ಲ. ನಾನು ತುಮಕೂರಿನವಳು, ಹಾಲು ಉಕ್ಕುವ ಮೊದಲೇ ಒಲೆ ಆರಿಸುವ ಜಾತಿ. ನಮ್ಮ ಸರ್ ಗದಗ ಸೀಮೆಯ ರೋಣದ ಕಡೆಯವರು, ಬಸ್ಸು ಹೊರಟ ಮೇಲೂ ಚಹಾದ ಲೋಟವನ್ನು ತೊಳೆದೇ ಇಡುವವರು. ಇಬ್ಬರೂ ಒಂದೇ ಕಾರ್ಯಾಗಾರದಲ್ಲಿ ಇಷ್ಟು ಕಾಲ ಬಾಳಿದ್ದು ಹೇಗೆಂದು ಅನುರಾಧಾ ಮೇಡಂ ಈಗಲೂ ಕೇಳುತ್ತಿರುತ್ತಾರೆ.

ಅನುರಾಧಾ ಮೇಡಂ ಎಂದರೆ ಸರ್ ಅವರ ಧರ್ಮಪತ್ನಿ. ಜೀವವಿಮೆಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದವರು. ಸರ್ ಅವರ ಸೇವಾ ಇತಿಹಾಸವನ್ನು ಬರೆಯುವವರು ಮೊದಲು ಮೇಡಂ ಅವರ ವರ್ಗಾವಣೆಯ ಆದೇಶಗಳನ್ನೇ ನೋಡಬೇಕು. ಮೇಡಂ ಅವರನ್ನು ಸೂರತ್ತಿಗೆ ಹಾಕಿದರು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ ಸರ್ ಪೆಟ್ಟಿಗೆ ಹಿಡಿದು ಹಿಂದೆ ಹೊರಟರು. ಅಹಮದಾಬಾದಿಗೆ ಹಾಕಿದರು, ಹೊರಟರು. ವಡೋದರಾಕ್ಕೆ ಹಾಕಿದರು, ಮತ್ತೆ ಹೊರಟರು. ಆ ಕಾಲದಲ್ಲಿ ಗಂಡಸರು ಇದನ್ನು ಹೇಳಿಕೊಳ್ಳಲು ನಾಚುತ್ತಿದ್ದರಂತೆ. ಸರ್ ಮಾತ್ರ ಹೊಸಬರು ಸಿಕ್ಕಾಗಲೆಲ್ಲ, “ಅಕಿ ಸಾಮಾನದ ಜೋಡಿ ನನ್ನೂ ಕಟಿಗೊಂಡು ಬಂದ್ಳು” ಎಂದು ಹೇಳಿ ಹಾಯಾಗಿ ನಗುತ್ತಾರೆ.

ಸೂರತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಪಾಂಡೇಸರಾ ಬಡಾವಣೆಯ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಯಂತ್ರಗಳ ದುರಸ್ತಿಯ ಹೊಣೆ. ಆ ಮಿಲ್ಲನ್ನು ನಾನು ನೋಡಿಲ್ಲ. ಆದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಸರ್ ಅರ್ಧ ಕಣ್ಣು ಮುಚ್ಚಿ ವರ್ಣಿಸುತ್ತಿದ್ದುದನ್ನು ಕೇಳಿ ಕೇಳಿ, ಕನಸಿನಲ್ಲಿ ಅಲ್ಲಿಯ ದಾರಿ ನನಗೆ ಗೊತ್ತು. ಚರಂಡಿಯಲ್ಲಿ ಬೆಳಿಗ್ಗೆ ಗುಲಾಬಿ ನೀರು, ಊಟದ ಹೊತ್ತಿಗೆ ನೀಲಿ. ಎದುರಿಗಿರುವ ಮನುಷ್ಯನ ಮುಖ ಕಾಣದಷ್ಟು ಉಗಿ. ಆ ಉಗಿಯೊಳಗಿಂದ ಯಾರೋ ನಡೆದು ಬರುತ್ತಾರೆ, ಹತ್ತಿರ ಬಂದ ಮೇಲೆ ನೋಡಿದರೆ ಅವರ ಕೈಗಳು ಮೊಣಕೈವರೆಗೆ ಹಳದಿ. ಮೇಲಿನ ತಂತಿಗಳಿಂದ ಇಳಿಬಿದ್ದ ಸೀರೆಬಟ್ಟೆ, ಅಡಿಯಲ್ಲಿ ಎಲ್ಲೋ ಪಂಪಿನ ಗೊಣಗಾಟ. “ಗುಡಿಯೊಳಗ ನಿಂತಂಗ ಅನಸ್ತಿತ್ತು ತಂಗಿ, ಆದ್ರ ಮೂಗು ಮಾತ್ರ ಮುಚ್ಕೋಬೇಕಿತ್ತು” ಎನ್ನುತ್ತಿದ್ದರು.

ಅಲ್ಲಿಯೇ ಒಂದು ದಿನ ಪಂಪಿನ ಮುಚ್ಚಳದ ಬೋಲ್ಟು ಒಳಗೇ ಮುರಿಯಿತು. ಯಂತ್ರದ ಹೊಟ್ಟೆಯಲ್ಲಿ ಬಣ್ಣ ಹೀರುತ್ತಿದ್ದ ಬಟ್ಟೆ ಇತ್ತು. ಆಗಿನ್ನೂ ಹರೆಯದಲ್ಲಿದ್ದ ನಮ್ಮ ಸರ್, ನನ್ನನ್ನೂ ಮೀರಿಸುವ ಅವಸರದಲ್ಲಿ ಉಳಿ ಸುತ್ತಿಗೆ ಹಿಡಿದು ಅದನ್ನು ಕಿತ್ತೇ ಕಿತ್ತರು. ಬೋಲ್ಟು ಬಂತು, ಜೊತೆಗೆ ರಂಧ್ರದ ಥ್ರೆಡ್ಡೂ ಕಿತ್ತು ಬಂತು. ಪಂಪು ಮೂಲೆಗೆ ಬಿತ್ತು, ಬಟ್ಟೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣಕ್ಕೆ ತಿರುಗಿತು. ಮಿಲ್ಲಿನಲ್ಲಿ ಯಾರೂ ಬೈಯಲಿಲ್ಲವಂತೆ. ಎಲ್ಲರೂ ಸಾಲಾಗಿ ಬಂದು ಬಟ್ಟೆಯನ್ನು ಮುಟ್ಟಿ ನೋಡಿ ಹೋದರಂತೆ, ಅದೇ ಅವರಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಯಾವುದನ್ನೂ ಹಟ ಮಾಡಿ ಕೀಳಬಾರದೆಂದು ಅವರು ನಿಶ್ಚಯಿಸಿಕೊಂಡದ್ದು ಅಂದೇ.

ಅಹಮದಾಬಾದಿನ ವರ್ಷಗಳು ಅವರ ಅಧ್ಯಯನದ ಕಾಲ. ಓಢವ್ ಕಡೆಯ ಒಂದು ಕಾರ್ಯಾಗಾರಕ್ಕೆ ಮುಚ್ಚಿದ ಬಟ್ಟೆಗಿರಣಿಗಳ ಹಳೆಯ ಯಂತ್ರಗಳು ಬರುತ್ತಿದ್ದವು. ತಲೆಮಾರುಗಳಿಂದ ಬಿಚ್ಚದ, ತುಕ್ಕು ತಿಂದು ಕಬ್ಬಿಣದೊಂದಿಗೆ ಕಬ್ಬಿಣವಾಗಿಹೋದ ಸ್ಕ್ರೂಗಳು. ಅವುಗಳ ನಡುವೆ ಕೂತು ಸರ್ ಒಂದೊಂದರ ಸ್ವಭಾವವನ್ನೂ ಕಲಿತರು. ತುಕ್ಕು ಹಿಡಿದದ್ದಕ್ಕೆ ತೆಳುವಾದ ಎಣ್ಣೆ ಬಿಟ್ಟು ಕಾಯಬೇಕು, ಮೆಲ್ಲಗೆ ತಟ್ಟಬೇಕು, ಮತ್ತೆ ಕಾಯಬೇಕು. ಬಿಚ್ಚುವ ಮೊದಲು ಬಿಗಿ ಮಾಡುವ ಕಡೆಗೇ ಒಂದು ಕೂದಲೆಳೆಯಷ್ಟು ತಿರುಗಿಸಬೇಕು, ಹಿಡಿದ ತುಕ್ಕು ಒಡೆಯುವುದು ಹಾಗೆ. ತಲೆ ಮುರಿದಿದ್ದರೆ ಸರಿಯಾಗಿ ನಟ್ಟನಡುವೆ ಒಂದು ಚುಕ್ಕಿ ಹೊಡೆದು, ಎಡಕ್ಕೆ ತಿರುಗುವ ಬೈರಿಗೆಯಿಂದ ಕೊರೆಯಬೇಕು. ನಾವು ಕೊರೆಯುವ ದಿಕ್ಕೂ ಅದು ಬಿಚ್ಚುವ ದಿಕ್ಕೂ ಒಂದೇ ಆಗುವುದರಿಂದ ಎಷ್ಟೋ ಬಾರಿ ಕೊರೆಯುತ್ತಿರುವಾಗಲೇ ಮುರಿದ ತುಂಡು ತಾನಾಗಿ ಹೊರಗೆ ಬರುತ್ತದೆ. ಈ ಕೊನೆಯ ಮಾತನ್ನು ಹೇಳುವಾಗ ಸರ್ ಅವರ ದನಿ ಇಳಿಯುತ್ತದೆ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವರ ಹಾಗೆ.

ವಡೋದರಾಕ್ಕೆ ಬಂದ ಮೇಲೆ ಕಾರ್ಖಾನೆಗಳ ದಾರಿ ಬಿಟ್ಟು ಅವರು ಸೇರಿದ್ದು ಆಗಷ್ಟೇ ಶುರುವಾಗಿದ್ದ ಪಗಲಾಂ ಕೇಂದ್ರವನ್ನು. ಪಗಲಾಂ ಎಂದರೆ ಗುಜರಾತಿಯಲ್ಲಿ ಹೆಜ್ಜೆಗಳು. ಕಾಲು ಕಳೆದುಕೊಂಡವರಿಗೆ ಇಲ್ಲಿ ಕಾಲು ಮಾಡಿಕೊಡುತ್ತೇವೆ. ಮಾಡಿಕೊಡುವುದು ಅರ್ಧ ಕೆಲಸವೂ ಅಲ್ಲ. ಉಳಿದ ಕಾಲಿನ ತುದಿ ಕೂರುವ ಬಟ್ಟಲಿಗೆ ಸಾಕೆಟ್ ಎನ್ನುತ್ತೇವೆ, ಅದರ ತಳದಲ್ಲಿ ಲೋಹದ ಒಂದು ತುಂಡು ಬಿಡಿಸಲಾಗದಂತೆ ಕೂಡಿಕೊಂಡಿರುತ್ತದೆ, ಅದರ ನಾಲ್ಕು ದಿಕ್ಕಿನಿಂದ ನಾಲ್ಕು ಚಿಕ್ಕ ಸ್ಕ್ರೂಗಳು ಕೆಳಗಿನ ಪಾದದ ಗೂಟವನ್ನು ಒತ್ತಿ ಹಿಡಿದಿರುತ್ತವೆ. ಪಾದ ಯಾವ ಕಡೆಗೆ ಎಷ್ಟು ವಾಲಬೇಕೆಂಬುದು ಆ ನಾಲ್ಕರ ಮೇಲಿದೆ. ಒಂದನ್ನು ಚೂರು ಸಡಿಲಿಸಿ, ಎದುರಿನದನ್ನು ಚೂರು ಬಿಗಿದು, ನಡೆಸಿ ನೋಡಿ, ಮತ್ತೆ ತಿದ್ದಿ, ಹೀಗೆ ತಿಂಗಳುಗಟ್ಟಲೆ ಹುಡುಕಿದ ಮೇಲೆ ಒಬ್ಬ ಮನುಷ್ಯನಿಗೆ ತನ್ನ ನಡಿಗೆ ಸಿಗುತ್ತದೆ.

ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ಗುಜರಾತಿ ಬಾರದು, ಊಟ ಹಿಡಿಸದು, ಬಾಡಿಗೆಗೆ ಒಬ್ಬಂಟಿ ಹುಡುಗಿಗೆ ಮನೆ ಕೊಡುವವರಿಲ್ಲ. ಸರ್ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಂಜಲ್‌ಪುರದ ಬೀದಿಗಳನ್ನೆಲ್ಲ ಸುತ್ತಿಸಿದರು. ಒಂದು ಮನೆಯ ಯಜಮಾನಿ ಬಾಗಿಲಲ್ಲೇ ಇಲ್ಲವೆಂದಾಗ ಇವರು ವಾದಕ್ಕಿಳಿಯಲಿಲ್ಲ, ಜೋತುಬಿದ್ದಿದ್ದ ಅವರ ಬಾಗಿಲಿನ ಚಿಲಕವನ್ನು ನೋಡುತ್ತ ನಿಂತರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಚಿಲಕ ಸರಿಯಾಗುವಷ್ಟರಲ್ಲಿ ಆಕೆ ಮಜ್ಜಿಗೆ ತಂದಿದ್ದರು, ಮಜ್ಜಿಗೆ ಮುಗಿಯುವಷ್ಟರಲ್ಲಿ ಮನೆ ನನ್ನದಾಗಿತ್ತು. ಆ ಮನೆಯಲ್ಲೇ ನಾನು ಇವತ್ತಿಗೂ ಇದ್ದೇನೆ, ಅಲ್ಲಿಗೆ ಅನುರಾಧಾ ಮೇಡಂ ಕಳಿಸಿದ ಜೋಳದ ರೊಟ್ಟಿ ತಿಂದು ಬದುಕಿಕೊಂಡೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಸರ್ ಅವರ ಕಾರ್ಯಾಗಾರದಲ್ಲಿ ಕೆಲವು ಕಟ್ಟಳೆಗಳಿವೆ. ‘ಚಾಲ್ಶೆ’ ಎನ್ನುವಂತಿಲ್ಲ. ನಡೆಯುತ್ತೆ ಬಿಡಿ ಎಂಬರ್ಥದ ಈ ಮಾತಿನ ಮೇಲೆ ಗುಜರಾತಿನ ಅರ್ಧ ವ್ಯವಹಾರ ನಿಂತಿದೆ. ನಮ್ಮಲ್ಲಿ ಮಾತ್ರ ಅದನ್ನು ಅಂದವರು ಎಲ್ಲರಿಗೂ ಚಹಾ ಮಾಡಬೇಕು. ಹಟ ಹಿಡಿದ ಸ್ಕ್ರೂವನ್ನು ಬಿಸಿ ತಲೆಯಲ್ಲಿ ಮುಟ್ಟುವಂತಿಲ್ಲ. ಎಣ್ಣೆ ಬಿಟ್ಟು, ಹೊರಗಿನ ಬೇವಿನ ಮರದಡಿಯ ಬೆಂಚಿಗೆ ಹೋಗಿ ಎಲ್ಲರೂ ಸುಮ್ಮನೆ ಕೂರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ, ಯಾರು ಮುರಿದರು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಈ ಕೊನೆಯದರ ಬಗ್ಗೆ ನಾನು ಸರ್ ಜೊತೆ ಎಷ್ಟು ಜಗಳವಾಡಿದ್ದೇನೆಂದರೆ, ನಮ್ಮ ಬೇವಿನ ಮರಕ್ಕೆ ತುಮಕೂರಿನ ಕನ್ನಡ ಬರುತ್ತಿರಬೇಕು. ಕೇಳದೆ ಹೋದರೆ ತಿಳಿಯುವುದು ಹೇಗೆ, ತಿಳಿಯದೆ ಹೋದರೆ ತಿದ್ದುವುದು ಹೇಗೆ ಎಂಬುದು ನನ್ನ ವಾದ. ಅವರ ಉತ್ತರ ಯಾವಾಗಲೂ ಒಂದೇ: “ಕೇಳಿದ್ರ ಸುಳ್ಳು ಹುಟ್ತೈತಿ ತಂಗಿ. ಸುಮ್ಮನ ಕೂಡು, ಖರೆ ತಾನ ನಡಕೋಂತ ಬರ್ತೈತಿ.”

ಅದು ಬರುವುದನ್ನು ನಾನು ಕಂಡದ್ದು ಕಳೆದ ನವರಾತ್ರಿಯ ಕೊನೆಯ ದಿನ.

ಆ ಬೆಳಿಗ್ಗೆ ಚಂಪಾಬೆನ್ ರಿಕ್ಷಾದಿಂದ ಊರುಗೋಲಿನ ಮೇಲೆ ಇಳಿದರು. ಹಿಂದೆ ಅವರ ಗಂಡ ಮಾಧವಭಾಯಿ, ಕೈಯಲ್ಲಿ ತರಕಾರಿ ತರುವ ಬಟ್ಟೆಚೀಲ, ಚೀಲದಲ್ಲಿ ಹೆಂಡತಿಯ ಕಾಲು. ಚಂಪಾಬೆನ್ ನಮಗೆಲ್ಲ ಬೇಕಾದವರು. ಗೋರ್ವಾದ ತಮ್ಮ ಸೊಸೈಟಿಯಲ್ಲಿ, ಅಂದರೆ ವಸತಿ ಸಮುಚ್ಚಯದಲ್ಲಿ, ನವರಾತ್ರಿಯ ಗರ್ಬಾ ಕುಣಿತಕ್ಕೆ ಹಾಡು ಎತ್ತಿಕೊಡುತ್ತಿದ್ದವರು, ವೃತ್ತದಲ್ಲಿ ಮೊದಲ ಹೆಜ್ಜೆ ಹಾಕುತ್ತಿದ್ದವರು. ರಸ್ತೆ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋದ ಮೇಲೆ ನವರಾತ್ರಿಗಳನ್ನು ಬಾಲ್ಕನಿಯಲ್ಲಿ ಕೂತು ನೋಡಿದ್ದರು. ನಮ್ಮ ಕಾಲು ಹಾಕಿಕೊಂಡು, ನಡಿಗೆ ಸಿಕ್ಕಿ, ಆಮೇಲೆ ತಿರುಗುವುದನ್ನು ಅಭ್ಯಾಸ ಮಾಡಿ, ಈ ಸಲ ಕೊನೆಯ ದಿನ ವೃತ್ತಕ್ಕೆ ಇಳಿಯುತ್ತೇನೆಂದು ಸೊಸೈಟಿಗೆಲ್ಲ ಹೇಳಿಬಿಟ್ಟಿದ್ದರು. ಮೊದಲ ಎಂಟು ದಿನ ಬೇಕೆಂದೇ ಇಳಿದಿರಲಿಲ್ಲ. ಕಾಲಿಗೆ ದಣಿವಾಗಬಾರದೆಂದು ಕಾಯುತ್ತಿದ್ದರು.

ಚೀಲದಿಂದ ತೆಗೆದು ನೋಡಿದರೆ ನಾಲ್ಕರಲ್ಲಿ ಒಂದು ಸ್ಕ್ರೂ ಒಳಗೆ ಮುರಿದಿತ್ತು. ಪೂರ್ತಿ ಒಳಗೂ ಹೋಗದೆ ಹೊರಗೂ ಬಾರದೆ ನಡುವೆ ಕಚ್ಚಿಕೊಂಡಿತ್ತು. ಒತ್ತಿ ಹಿಡಿಯುವವರಲ್ಲಿ ಒಬ್ಬ ಕಡಿಮೆಯಾದ್ದರಿಂದ ಪಾದ ಆ ಕಡೆಗೆ ಅಲ್ಲಾಡುತ್ತಿತ್ತು.

“ತಾನಾಗಿ ಮುರಿಯಿತು ಸಾಹೇಬ್” ಎಂದರು ಮಾಧವಭಾಯಿ. ಅವರದ್ದು ಹಾರ್ಡ್‌ವೇರ್ ಅಂಗಡಿ. ಸ್ಕ್ರೂ ತಾನಾಗಿ ಹೀಗೆ ಮುರಿಯುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಯಾರು, ಏನು, ಹೇಗೆ ಎಂದು ನನ್ನ ನಾಲಗೆ ತುದಿಗೆ ಬಂದೇ ಬಿಟ್ಟಿತ್ತು. ಸರ್ ನನ್ನ ಕಡೆ ನೋಡಿದರು. ನುಂಗಿಕೊಂಡೆ.

ಅವರು ಮೂವರೂ ಗುಜರಾತಿಯಲ್ಲಿ ಆಡಿದ ಮಾತುಗಳನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾಧವಭಾಯಿ ಒಂದು ದಾರಿ ಹೇಳಿದರು: ರಂಧ್ರವನ್ನೇ ದೊಡ್ಡದು ಕೊರೆದು ದಪ್ಪ ಸ್ಕ್ರೂ ಹಾಕಿಬಿಡಿ, ಅರ್ಧ ಗಂಟೆಯ ಕೆಲಸ, ಚಾಲ್ಶೆ. ಚಹಾ ಮಾಡಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸರ್ ಕುರ್ಚಿ ಎಳೆದುಕೊಂಡು ಚಂಪಾಬೆನ್ ಎದುರು ಕೂತು ವಿವರಿಸಿದರು. ಈ ಲೋಹದ ಗೋಡೆ ತೆಳು, ದೊಡ್ಡದು ಕೊರೆದರೆ ಇವತ್ತು ನಿಲ್ಲಬಹುದು, ನಾಳೆ ಬಿರುಕು ಬಿಡಬಹುದು, ಕುಣಿಯುವಾಗಲೇ ಬಿಡಲೂಬಹುದು. ಇದು ಸಾಕೆಟ್ಟಿಗೆ ಕೂಡಿಕೊಂಡಿರುವುದರಿಂದ ಇದು ಹೋದರೆ ಸಾಕೆಟ್ಟೂ ಹೋಯಿತು. ಹೊಸದಕ್ಕೆ ಮತ್ತೆ ಅಚ್ಚು ತೆಗೆಯಬೇಕು, ಮತ್ತೆ ನಡಿಗೆ ಹುಡುಕಬೇಕು. ಅದೇ ನಡಿಗೆ ಸಿಗುತ್ತದೆಂದು ಮಾತು ಕೊಡಲಾರೆ ಎಂದರು.

ಚಂಪಾಬೆನ್ ಮುರಿದ ಸ್ಕ್ರೂವಿನ ಮೇಲೆ ಬೆರಳಾಡಿಸಿದರು. “ಮತ್ತೆ ನಿಮ್ಮ ದಾರಿಯಲ್ಲಿ ಬಿಚ್ಚಿ ತೆಗೆದರೆ?”

“ಥ್ರೆಡ್ ಉಳಿದರೆ ಎಲ್ಲವೂ ಇದ್ದ ಹಾಗೆಯೇ ಇರುತ್ತದೆ. ಮಿಕ್ಕ ಮೂರನ್ನು ನಾನು ಮುಟ್ಟುವುದಿಲ್ಲ. ಆದರೆ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾರೆ.”

“ಹೊತ್ತು ಮುಳುಗುವಾಗ ಆರತಿ. ಅಲ್ಲಿಯವರೆಗೆ ಕಾಯುತ್ತೇನೆ. ಆಗಲೂ ಬರಲಿಲ್ಲವೆಂದರೆ ಕೊರೆದುಬಿಡಿ. ನಾಳೆ ಏನಾದರೂ ಆಗಲಿ, ಇವತ್ತು ನಾನು ಇಳಿಯಲೇಬೇಕು.”

ನಾನಾಗಿದ್ದರೆ ವಾದ ಮಾಡುತ್ತಿದ್ದೆ. ಸರ್ ತಲೆಬಾಗಿ, “ಕಾಲು ನಿಮ್ಮದು ಬೆನ್, ಮಾತೂ ನಿಮ್ಮದೇ ನಡೆಯಲಿ” ಎಂದರು.

ಸರ್ ಅವರ ಮೊದಲ ಮದ್ದು ಎಣ್ಣೆ. ಬಿಟ್ಟರು. ಕಾಲನ್ನು ತೊಟ್ಟಿಲಿನಂಥ ಮರದ ಚೌಕಟ್ಟಿನಲ್ಲಿ ಮಲಗಿಸಿ, ಎಲ್ಲರೂ ಬೇವಿನಡಿಗೆ ಹೋಗಿ ಕೂತೆವು. ಆ ಮಧ್ಯಾಹ್ನ ನನಗೆ ಈಗಲೂ ನಿದ್ದೆಯಲ್ಲಿ ಕಂಡದ್ದರಂತೆ ನೆನಪಾಗುತ್ತದೆ. ಬಿಸಿಲಿಗೆ ಎಲೆಗಳ ನೆರಳು ನೆಲದ ಮೇಲೆ ಸರಿಯುತ್ತಿತ್ತು. ಎಲ್ಲೋ ದೂರದ ಮೈದಾನದಲ್ಲಿ ಧ್ವನಿವರ್ಧಕ ಪರೀಕ್ಷಿಸುತ್ತಿದ್ದರು, ಒಂದು ಹಾಡಿನ ಮೊದಲ ಸಾಲು ಬಂದು ಬಂದು ನಿಂತುಹೋಗುತ್ತಿತ್ತು. ಪ್ರತಿ ಸಲ ಅದು ಬಂದಾಗಲೂ ಚಂಪಾಬೆನ್ ಅವರ ಉಳಿದ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಅಲುಗುತ್ತಿತ್ತು. ಸರ್ ಒಂದೊಂದು ಬಾರಿ ಎದ್ದು ಹೋಗಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ತಿರುಗಿಸಿ ನೋಡಿ, ಬಂದು ಕೂರುತ್ತಿದ್ದರು. ಸ್ಕ್ರೂ ಮಿಸುಕಲಿಲ್ಲ. ನೆರಳು ಮಾತ್ರ ಉದ್ದವಾಗುತ್ತಿತ್ತು.

ಮಾಧವಭಾಯಿ ಬೆಂಚಿನ ತುದಿಯಲ್ಲಿ ಕೂತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಸರ್ ಅವರಿಗೆ ನೀರು ಕೊಟ್ಟರು, ಅಂಗಡಿಯ ವ್ಯಾಪಾರ ವಿಚಾರಿಸಿದರು. ಎಲೆಯೊಂದು ಮಾಧವಭಾಯಿಯ ತೊಡೆಯ ಮೇಲೆ ಬಿತ್ತು. ಅದನ್ನು ತೆಗೆದು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಆಮೇಲೆ ನೆಲದ ಕಡೆಗೆ ನೋಡುತ್ತಲೇ ಹೇಳತೊಡಗಿದರು.

“ಅಭ್ಯಾಸ ಮಾಡುವಾಗ ಅವಳ ಈ ಕಾಲು ಟಕ್ ಅನ್ನುತ್ತಿತ್ತು ಸಾಹೇಬ್. ಇವತ್ತು ಕುಣಿಯುವಾಗ ಸಡಿಲವಾಗಿ ಬಿದ್ದುಬಿಟ್ಟರೆ ಎಂದು ಹೆದರಿಕೆಯಾಯಿತು. ಸಡಿಲವಾಗದಿರಲೆಂದು ನೀವು ಸ್ಕ್ರೂಗೆ ಒಂದು ಹನಿ ಗೋಂದು ಹಾಕುವುದನ್ನು ನೋಡಿದ್ದೆ. ನಮ್ಮ ಅಂಗಡಿಯಲ್ಲಿ ಇರುವುದರಲ್ಲೇ ಗಟ್ಟಿಯಾದದ್ದು, ಕೆಂಪು ಬಣ್ಣದ್ದು, ಅದನ್ನು ಹಾಕಿದೆ. ಅರ್ಧ ತಿರುಗಿಸಿದ್ದೆ, ಯಾರೋ ನಲ್ಲಿ ಕೇಳಿಕೊಂಡು ಬಂದರು. ಒಳ್ಳೆಯ ಗಿರಾಕಿ, ನಾಲ್ಕು ಥರದ್ದು ತೋರಿಸಿದೆ. ತಿರುಗಿ ಬಂದು ನೋಡುತ್ತೇನೆ, ಸ್ಕ್ರೂ ನಡುವೆಯೇ ಹಿಡಿದುಬಿಟ್ಟಿದೆ. ಸ್ಕ್ರೂ ತಿರುಗಿಸುವ ಕೀಲಿಗೆ ಪೈಪು ಸಿಕ್ಕಿಸಿ ಬಲ ಹಾಕಿದೆ, ಮುರಿಯಿತು.” ಹೆಂಡತಿಯ ಕಡೆ ತಿರುಗುವ ಧೈರ್ಯ ಅವರಿಗೆ ಬರಲಿಲ್ಲ. “ಅವಳು ಬೀಳಬಾರದು ಅಂತಲೇ ಮಾಡಿದ್ದು.”

ಚಂಪಾಬೆನ್ ಮುಖ ಆಚೆ ತಿರುಗಿಸಿದರು.

ನಾನೋ, ಹೇಳಲು ನಾಚಿಕೆಯಿಲ್ಲ, ಸಂತೋಷದಿಂದ ಎದ್ದು ನಿಂತಿದ್ದೆ. ಆ ಕೆಂಪು ಗೋಂದು ಗಾಳಿಯಿಲ್ಲದ ಕಡೆ ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ, ಎಣ್ಣೆ ಅದಕ್ಕೆ ಏನೂ ಮಾಡುವುದಿಲ್ಲ. ಸಂಜೆಯವರೆಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರೂ ಅಷ್ಟೇ. ಅದು ಸೋಲುವುದು ಕಾವಿಗೆ ಮಾತ್ರ.

“ಸರ್, ತುಕ್ಕಲ್ಲ ಸರ್ ಅದು! ಬಿಸಿ ಮಾಡ್ಬೇಕು!”

“ಸಾಕೆಟ್ಟು ಸುಡ್ತೈತಲ್ಲ ತಂಗಿ.”

“ಬೆಂಕಿ ಬೇಡ ಸರ್. ಕರೆಂಟಿನ ಬೆಸುಗೆ ಕಡ್ಡಿ ಇದೆಯಲ್ಲ, ವೈರ್ ಕೂಡಿಸೋದು. ಅದರ ಮೊನೇನ ಸ್ಕ್ರೂಗೆ ಮಾತ್ರ ಇಟ್ರೆ?”

ಸರ್ ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಬೆಂಚಿನಿಂದ ಎದ್ದ ವೇಗವನ್ನು ನೋಡಿದ್ದರೆ ಅನುರಾಧಾ ಮೇಡಂ ಇದು ತಮ್ಮ ಯಜಮಾನರೇ ಎಂದು ಕೇಳುತ್ತಿದ್ದರು. ಒಳಗೆ ಹೋಗುವ ಮೊದಲು ಮಾತ್ರ ಅವರು ನಿಂತು, ಮಾಧವಭಾಯಿಯ ಹೆಗಲ ಮೇಲೆ ಕೈಯಿಟ್ಟರು. “ನೀವು ಹೇಳದಿದ್ದರೆ ನಾವು ಇಲ್ಲೇ ಕೂತಿರುತ್ತಿದ್ದೆವು. ಬನ್ನಿ, ದೀಪ ಹಿಡಿಯಲು ಒಂದು ಕೈ ಬೇಕು.”

ಸಾಕೆಟ್ಟಿಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿದೆವು. ಮಾಧವಭಾಯಿ ದೀಪ ಹಿಡಿದರು. ಸರ್ ಮುರಿದ ತುಂಡಿನ ನಟ್ಟನಡುವೆ ಒಂದೇ ಪೆಟ್ಟಿಗೆ ಚುಕ್ಕಿ ಹೊಡೆದರು. ಎಡ ಬೈರಿಗೆಯನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ನನ್ನ ಕೈಗಿಟ್ಟರು. ನಾನು ಚಿಕ್ಕದೊಂದು ಗುಳಿ ಕೊರೆದೆ, ಆ ಗುಳಿಯಲ್ಲಿ ಅವರು ಕಡ್ಡಿಯ ಬಿಸಿ ಮೊನೆಯನ್ನು ಇಟ್ಟರು. ಹೊಗೆಯ ಒಂದು ಎಳೆ ಎದ್ದಿತು. ಒದ್ದೆ ಬಟ್ಟೆ ಚುಸ್ ಎಂದಿತು. ಊರುಗೋಲಿನ ಮೇಲೆ ಒರಗಿ ನಿಂತಿದ್ದ ಚಂಪಾಬೆನ್ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಆ ಹೊತ್ತಿಗೆ ಸರಿಯಾಗಿ ದೂರದ ಧ್ವನಿವರ್ಧಕದಲ್ಲಿ ಹಾಡು ನಿಲ್ಲದೆ ಮುಂದುವರಿಯಿತು. ಬಿಸಿಲು ಗೋಡೆಯ ಮೇಲ್ತುದಿಯಲ್ಲಿತ್ತು.

“ಈಗ, ತಂಗಿ. ಸಾವಕಾಶ. ನೀ ತಿರಗಸ್ಬ್ಯಾಡ, ಅದು ತಿರಗ್ತೈತಿ, ನೀ ಬರೇ ಜೋಡಿ ಹೋಗು.”

ಡ್ರಿಲ್ಲನ್ನು ಎಡಕ್ಕೆ ತಿರುಗಿಸಿದೆ. ಕೊರೆಯಿತು, ಕೊರೆಯಿತು. ನಂತರ ಕೈಗೆ ಏನೋ ಬೇರೆಯೇ ತಿಳಿಯಿತು. ಕೊರೆಯುವ ಕರಕರ ನಿಂತು ಒಂದು ಮೆದು ಚಲನೆ ಬಂತು. ಬೈರಿಗೆಯ ಮೊನೆಯನ್ನು ಕಚ್ಚಿಕೊಂಡು ಆ ಮುರಿದ ತುಂಡು ಸುತ್ತುತ್ತ ಸುತ್ತುತ್ತ, ಯಾವ ಅವಸರವೂ ಇಲ್ಲದೆ, ಬೆಳಕಿಗೆ ಎದ್ದು ಬಂತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಷ್ಟು ವರ್ಷ ನಾನು ಈ ಮನುಷ್ಯನ ನಿಧಾನವನ್ನು ಆಡಿಕೊಂಡು ನಕ್ಕಿದ್ದೆ. ಆ ನಿಧಾನ ನನ್ನ ಕೈಯೊಳಗೂ ಬಂದು ಕೂತಿದೆಯೆಂದು ಆಗಲೇ ನನಗೆ ತಿಳಿದದ್ದು.

ಸರ್ ಥ್ರೆಡ್ ಕೊರೆಯುವ ಟ್ಯಾಪ್ ಎಂಬ ಉಪಕರಣವನ್ನು ಬೆರಳಿನಲ್ಲೇ ತಿರುಗಿಸಿ ಥ್ರೆಡ್ಡಿನಲ್ಲಿ ಉಳಿದ ಗೋಂದನ್ನೆಲ್ಲ ತೆಗೆದರು. ಕೆಂಪು ಪುಡಿ ಉದುರಿತು. ದೀಪ ಹತ್ತಿರ ತರಿಸಿ ಒಳಗೆ ಇಣುಕಿದರು. ಗೆರೆಗಳು ಒಂದೂ ಮುಕ್ಕಾಗದೆ ಹೊಳೆಯುತ್ತಿದ್ದವು. ನೋಡಿರೆಂದು ಮಾಧವಭಾಯಿಗೂ ತೋರಿಸಿದರು. ಹೊಸ ಸ್ಕ್ರೂ ಎರಡು ಬೆರಳಿನ ಬಲಕ್ಕೇ ಒಳಗೆ ಇಳಿಯಿತು, ಮಿಕ್ಕ ಮೂರು ತಮ್ಮ ಜಾಗದಲ್ಲೇ ಇದ್ದುದರಿಂದ ಪಾದ ಮೊದಲಿನ ಓರೆಗೇ ಬಂದು ನಿಂತಿತು. ಬಿಗಿತದ ಅಳತೆ ತೋರಿಸುವ ಕೀಲಿಯಿಂದ ಬೇಕಾದಷ್ಟೇ ಬಿಗಿದರು.

ಚಂಪಾಬೆನ್ ಕಾಲು ಹಾಕಿಕೊಂಡು, ನಡೆಯಲು ಕಲಿಸುವ ಕಂಬಿಗಳ ನಡುವೆ, ಕಂಬಿ ಮುಟ್ಟದೆ, ಆ ತುದಿಗೆ ಹೋಗಿ ಈ ತುದಿಗೆ ಬಂದರು. ನಿಂತರು. ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿದರು. ತೆರೆದಾಗ ನೋಡಿದ್ದು ಗಂಡನ ಕಡೆಗೆ. ಬೇವಿನಡಿಯಲ್ಲಿ ಮುಖ ತಿರುಗಿಸಿದ ಮೇಲೆ ಅವರೊಂದಿಗೆ ಆಡಿದ ಮೊದಲ ಮಾತು ಅದು: “ಚಾಲೋ, ಮೋಡುಂ ಥಾಯ್ ಛೆ.” ನಡೀರಿ, ಹೊತ್ತಾಗ್ತಿದೆ. ಮಾಧವಭಾಯಿ ಅತ್ತುಬಿಟ್ಟರು. ಊರುಗೋಲುಗಳನ್ನು ಅಪ್ಪಿಕೊಂಡು ಅಂಗಳದಲ್ಲಿ ರಿಕ್ಷಾ ಹುಡುಕುತ್ತ ಓಡಿದರು.

ಹೊರಡುವಾಗ ಚಂಪಾಬೆನ್ ನಮ್ಮಿಬ್ಬರನ್ನೂ ಬಿಡಲಿಲ್ಲ. ಗುಜರಾತಿನಲ್ಲಿ ಇಷ್ಟು ವರ್ಷ ಇದ್ದೂ ಗರ್ಬಾದ ಮೈದಾನಕ್ಕೆ ಕಾಲಿಡದ ಕನ್ನಡಿಗರೆಂದರೆ ಬಹುಶಃ ನಮ್ಮ ಸರ್ ಒಬ್ಬರೇ. ಸದ್ದು ಆಗುವುದಿಲ್ಲ ಎಂಬುದು ನೆಪ, ನಾಚಿಕೆ ನಿಜ. ಅವತ್ತು ಎಣ್ಣೆಯ ಕಲೆಯ ಅಂಗಿಯಲ್ಲೇ ಬಂದರು. ಸೊಸೈಟಿಯ ಅಂಗಳದಲ್ಲಿ ಆರತಿ ಆಗಷ್ಟೇ ಮುಗಿದಿತ್ತು. ಆಕಾಶದಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು, ಕೆಳಗೆ ದೀಪಗಳು ಹತ್ತಿಕೊಂಡಿದ್ದವು. ನಡುವಿನ ಮಡಕೆಯ ದೀಪವನ್ನು ಸುತ್ತುಗಟ್ಟಿ ಹೆಂಗಸರು ನಿಂತಿದ್ದರು, ಒಂದು ಜಾಗ ಬಿಟ್ಟು. ಚಂಪಾಬೆನ್ ಹೋಗಿ ಆ ಜಾಗದಲ್ಲಿ ನಿಂತು ಹಾಡು ಎತ್ತಿದರು.

ವೃತ್ತ ಸರಿಯಿತು. ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು, ಬಾಗಿ ಚಪ್ಪಾಳೆ, ತಿರುಗು. ಘಾಗರಾ ಲಂಗಗಳು ಅರಳಿ ಮುಚ್ಚಿ ಅರಳಿದವು. ಸರ್ ಅಂಗಳದ ಅಂಚಿನಲ್ಲಿ ಗೋಡೆಗೆ ಒರಗಿ ನಿಂತು ಎಲ್ಲರೂ ನೋಡುವುದನ್ನು ನೋಡಲಿಲ್ಲ, ಪಾದಗಳನ್ನು ಮಾತ್ರ ನೋಡುತ್ತಿದ್ದರು. ಒಂದು ಸುತ್ತು ಬಂತು, ಎರಡು ಬಂತು. ಅವರ ತುಟಿ ಏನೋ ಲೆಕ್ಕ ಹಾಕುವಂತೆ ಅಲುಗುತ್ತಿತ್ತು. ಆಮೇಲೆ ನಿಂತಿತು. ನನ್ನ ಕಡೆ ವಾಲಿ, ದೊಡ್ಡ ಪೇಚಿಗೆ ಸಿಕ್ಕವರಂತೆ ಪಿಸುಗುಟ್ಟಿದರು:

“ತಂಗಿ, ಬೆಳಗಿನಿಂದ ಕೈಯಾಗ ಹಿಡಕೊಂಡು ಕುಂತೀನಿ. ಈಗ ನೋಡಿದ್ರ, ಎರಡರಾಗ ನಮ್ಮ ಕಾಲು ಯಾವದು ಅಂತ ಮರತ ಹೋತು.”

ನಾನೂ ನೋಡಿದೆ. ನನಗೂ ಹೇಳಲಾಗಲಿಲ್ಲ.

ಸಿದ್ದಲಿಂಗಪ್ಪನವರಿಗೆ ದೇವರು ದೀರ್ಘಾಯುಷ್ಯ ಕೊಡಲಿ ಎಂದು ಬರೆಯುವುದು ಇಂಥ ಲೇಖನದ ಪದ್ಧತಿ. ಅವರಿಗೆ ಆಯುಷ್ಯ ಬೇಕೇ ಬೇಕು, ಏಕೆಂದರೆ ಅವರು ಮಾಡುವ ಯಾವ ಕೆಲಸವೂ ಬೇಗ ಮುಗಿಯುವುದಿಲ್ಲ. ಅನುರಾಧಾ ಮೇಡಂ ಅವರ ಸಮ್ಮತಿ ಪಡೆದು ನಾವು ವಾರಕ್ಕೊಮ್ಮೆಯಾದರೂ ಅವರನ್ನು ಕಾರ್ಯಾಗಾರಕ್ಕೆ ಕರೆತರಲಿದ್ದೇವೆ. ಬರಲಿ, ಬೇಕಾದಷ್ಟು ಹೊತ್ತು ಕೂರಲಿ. ಅವರ ಕೈ ಮುಟ್ಟಿದ ಕಾಲುಗಳು ಈ ಊರಿನ ಬೀದಿಗಳಲ್ಲಿ ನಡೆಯುತ್ತಿರಲಿ, ಎದುರಿಗೆ ಬಂದಾಗ ಯಾವುದು ತಾವು ಮಾಡಿದ್ದೆಂದು ಅವರಿಗೇ ತಿಳಿಯದೆ ಹೋಗಲಿ.